ಮುತ್ಯಾನ ಮುಖದ ಮಸಿ

ಶಂಕ್ರೆವ್ವ ಸಾಹುಕಾರನನ್ನು ಮೊದಲು ಕಂಡದ್ದು ೧೯೬೨ರ ಒಂದು ಸೋಮವಾರ, ಹಳಿಯಾಳದ ಊರಬಾಗಿಲು ಅಗಸಿಯ ಹತ್ತಿರ. ಅವನ ಎರಕದ ಕಾರ್ಖಾನೆಯ ಹೊಗೆಯಿಂದ ತನ್ನ ಮನೆತನದ ಹಿರಿಯನ ಹಳೆಯ ವೀರಗಲ್ಲಿನ ಮೂಗು, ಮೀಸೆಗೆ ಮೆತ್ತಿದ್ದ ಮಸಿಯನ್ನು ಅವಳು ಎಣ್ಣೆಯರಿವೆಯಿಂದ ಒರೆಸುತ್ತಿದ್ದಳು.

"ಸಾಹುಕಾರ್ರ, ಹೊಗಿ ಕೊಳವಿ ಎತ್ತರ ಮಾಡ್ಸ್ರಿ. ನಮ್ಮ ಮುತ್ಯಾನ ಮಾರಿನ ಕಾಣವಲ್ದು."

"ಇರ್ಲಿ ಬಿಡಬೇ, ಮಸಿ ಇದ್ರ ದೃಷ್ಟಿ ತಾಗೂದಿಲ್ಲ!" ಎಂದು ಆತ ನಕ್ಕ.

ಆ ನಗು ಅವಳ ಎದೆಯಲ್ಲಿ ಕೆಂಡವಾಗಿ ಉಳಿಯಿತು. ಮರುವರ್ಷ ಸಾಹುಕಾರ ಬಂಗಲೆಯ ಮುಂದೆ ತನ್ನಪ್ಪನ ಅಮೃತಶಿಲೆಯ ಮೂರ್ತಿ ನಿಲ್ಲಿಸಿದ. ಶಂಕ್ರೆವ್ವ ವೀರಗಲ್ಲು ಒರೆಸಿದ ಅರಿವೆಯನ್ನು ತಂದು, ಎಲ್ಲರೆದುರಿಗೇ ಆ ಬಿಳಿ ಮುಖಕ್ಕೆ ತಿಕ್ಕಿದಳು.

"ಏನ್ ಮಾಡಾಕತ್ತೀಯಬೇ?" ಸಾಹುಕಾರ ಚೀರಿದ.

"ಹಿರ್‍ಯಾರಿಗೆ ದೃಷ್ಟಿ ತಾಗಬಾರ್ದಲ್ರಿ!"

ಕೊಳವೆ ಇನ್ನೂ ಎತ್ತರವಾಗಿಲ್ಲ. ಈಗ ಶಂಕ್ರೆವ್ವ ಪ್ರತಿ ಸೋಮವಾರ ವೀರಗಲ್ಲು ಒರೆಸಿ, ಅದೇ ಅರಿವೆ ಹಿಡಿದು ಸಾಹುಕಾರನ ಬಂಗಲೆಗೆ ಹೋಗುತ್ತಾಳೆ.