ಒಂದೂವರೆ ಇಂಚು ಹೆಚ್ಚು

ಗಾಡಿಯ ತುಂಡಾದ ಬೆಲ್ಟನ್ನು ನಾನು ಅಳೆದದ್ದು ದರ್ಜಿಯ ಟೇಪಿನಿಂದ. ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ರಾಯದುರ್ಗದಲ್ಲಿ ಹೊಲಿಗೆಯ ಮನೆಯಲ್ಲಿ ಬೆಳೆದವರು ಟೇಪು ಹಿಡಿಯದ ವಸ್ತು ಕಡಿಮೆ. ಫ್ರಿಜ್ಜು ಅಡುಗೆಮನೆಯ ಮೂಲೆಗೆ ಹಿಡಿಸುತ್ತದೋ ಇಲ್ಲವೋ ಎಂಬುದಕ್ಕೂ ಅದೇ, ಮೊಮ್ಮಗು ಎಷ್ಟು ಬೆಳೆಯಿತು ಎಂಬುದಕ್ಕೂ ಅದೇ. ನಾಚಿಕೆಯಾಗಬೇಕಾದದ್ದು ಅಳತೆ ಬರೆದುಕೊಂಡ ಮೇಲೆ ಮಾಡಿದ ಕೆಲಸಕ್ಕೆ. ಕೈ ತಾನಾಗಿಯೇ ಅದಕ್ಕೆ ಒಂದೂವರೆ ಇಂಚು ಸೇರಿಸಿ ಬರೆಯಿತು.

ನಮ್ಮ ಪಿಕಪ್ ಗಾಡಿ ವಾರವೆಲ್ಲ ಜೀನ್ಸ್ ಪ್ಯಾಂಟಿನ ಗಂಟುಗಳನ್ನು ಹೊತ್ತು ಬಳ್ಳಾರಿಗೆ ಹೋಗಿಬರುತ್ತದೆ. ಭಾನುವಾರ ಮಾತ್ರ ಬೆನ್ನು ಖಾಲಿ ಮಾಡಿಕೊಂಡು, ನನ್ನೊಬ್ಬನನ್ನು ಕೂರಿಸಿಕೊಂಡು ಮಡಕಶಿರಕ್ಕೆ ಹೊರಡುತ್ತದೆ. ಅಲ್ಲಿ ನನ್ನ ಹೆಂಡತಿ ಸುಶೀಲ ಇದ್ದಾಳೆ. ಅವಳು ಕನ್ನಡ ಶಾಲೆಯ ಟೀಚರು. ಆಂಧ್ರಕ್ಕೆ ಸೇರಿದ ನಮ್ಮ ಕಡೆ ಕನ್ನಡ ಶಾಲೆಗಳು ಹೆಚ್ಚಾಗಿರುವುದು ಈ ತುದಿಯಲ್ಲಿ ರಾಯದುರ್ಗದ ಸುತ್ತ, ಆ ತುದಿಯಲ್ಲಿ ಮಡಕಶಿರದ ಸುತ್ತ. ನಡುವೆ ಮೂರು ತಾಸಿನ ತೆಲುಗು. ಹಾಗಾಗಿ ಕನ್ನಡ ಟೀಚರಿಗೆ ವರ್ಗವಾಯಿತೆಂದರೆ ಕೆಲವೊಮ್ಮೆ ಪಕ್ಕದೂರಿಗಲ್ಲ, ಒಂದು ದಡದಿಂದ ಎತ್ತಿ ಇನ್ನೊಂದು ದಡದಲ್ಲಿ ಇಟ್ಟಂತೆ. ಎರಡು ವರ್ಷದ ಹಿಂದೆ ಬೊಮ್ಮನಹಾಳ್ ಕಡೆಯ ಶಾಲೆಯಿಂದ ಅವಳನ್ನು ಎತ್ತಿ ಗುಡಿಬಂಡೆ ಕಡೆಯ ಶಾಲೆಯಲ್ಲಿ ಇಟ್ಟರು. ಮಡಕಶಿರದಲ್ಲಿ ಒಂದು ಕೋಣೆ ಮಾಡಿಕೊಂಡು ದಿನಾ ಆಟೋದಲ್ಲಿ ಹೋಗಿಬರುತ್ತಾಳೆ. ಅದು ಅವಳ ತವರಿನ ಸೀಮೆ ಬೇರೆ.

ಇಪ್ಪತ್ತೆಂಟು ವರ್ಷ ನನ್ನ ಮನೆಯಲ್ಲಿ ‘ಐತಿ’ ಎನ್ನುತ್ತಿದ್ದವಳು ಈಗ ಫೋನಿನಲ್ಲಿ ‘ಐತೆ’ ಎನ್ನುತ್ತಾಳೆ. ಮೊದಮೊದಲು ನಗು ಬಂತು. ಆಮೇಲೆ ಆ ಒಂದು ಸದ್ದಿಗಾಗಿ ಕಿವಿಗೊಟ್ಟು ಕೂಡತೊಡಗಿದೆ. ಪ್ರತಿ ಸಲ ‘ಐತೆ’ ಕೇಳಿಸಿದಾಗಲೂ ಅವಳು ಇನ್ನೊಂದಿಷ್ಟು ದೂರ ಹೋದಂತೆ ಅನ್ನಿಸುತ್ತಿತ್ತು. ಮೂರು ತಾಸಿನ ದಾರಿಯನ್ನು ಡೀಸೆಲ್ ಹಾಕಿ ಮುಗಿಸಬಹುದು. ಈ ದೂರವನ್ನು ಏನು ಹಾಕಿ ಮುಗಿಸುವುದು?

ಅವಳನ್ನು ಮಡಕಶಿರದಲ್ಲಿ ಮೊದಲ ಸಲ ಬಿಟ್ಟುಬಂದ ದಿನ ನನಗೆ ಚೆನ್ನಾಗಿ ನೆನಪಿದೆ ಎಂದು ಬರೆಯಲು ಹೊರಟಿದ್ದೆ. ಗಾಡಿ ಓಣಿಯ ತಿರುವಿಗೆ ಬರುವವರೆಗೆ ಅವಳು ಬಾಗಿಲಲ್ಲೇ ನಿಂತಿದ್ದಳು, ನಾನು ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ, ಸೆರಗು ಹಸಿರಿತ್ತು. ಒಮ್ಮೆ ಇದನ್ನು ಅವಳಿಗೇ ಹೇಳಿದೆ. ‘ನಾನೆಲ್ಲಿ ನಿಂತಿದ್ದೆ? ಗ್ಯಾಸ್ ಸಿಲಿಂಡರ್ ತಂದೋನ ಜತೆ ಒಳಗೆ ಜಗಳ ಆಡ್ತಿದ್ದೆ’ ಎಂದಳು. ಹಾಗಾದರೆ ಕನ್ನಡಿಯಲ್ಲಿ ನಾನು ನೋಡಿದ್ದು ಯಾರನ್ನು? ಪಕ್ಕದ ಮನೆಯವರನ್ನೇ? ಒಂದು ವರ್ಷ ಆ ಹಸಿರು ಸೆರಗನ್ನು ನೆನೆದು ಸಂಕಟಪಟ್ಟಿದ್ದೇನೆ. ಇನ್ನು ಮುಂದೆ ನಾನು ನೆನಪಿದೆ ಎಂದದ್ದನ್ನೆಲ್ಲ ನೀವೂ ಸ್ವಲ್ಪ ಹುಷಾರಾಗಿಯೇ ಓದಿ.

ಹೋದ ಗುರುವಾರ ಫೋನು ಮಾಡಿದಾಗ ಅವಳು ಸುದ್ದಿ ಹೇಳಿದಳು. ಮತ್ತೆ ವರ್ಗಾವಣೆಯ ಸುತ್ತು ಬಂದಿದೆ, ಬೇಕಾದ ಶಾಲೆಗಳನ್ನು, ಈಗಿರುವುದೇ ಬೇಕಿದ್ದರೆ ಅದನ್ನೂ, ಒಂದರ ಕೆಳಗೊಂದು ಕಂಪ್ಯೂಟರಿನಲ್ಲಿ ತುಂಬಬೇಕು, ಭಾನುವಾರ ಕೊನೆಯ ದಿನ. ‘ನಾಲ್ಕು ಗಂಟೆಗೆ ನೆಟ್ ಸೆಂಟರಿಗೆ ಬರಾಕೆ ಹೇಳವ್ರೆ. ಮೊದಲ್ನೇದು ಯಾವೂರು ಹಾಕ್ಲಿ? ನೀವೇನಂತೀರಾ?’

‘ನಿನಗ ಹೆಂಗ ಅನುಕೂಲನೋ ಹಂಗ ಮಾಡು’ ಎಂದೆ.

ಬಹಳ ದೊಡ್ಡ ಮನಸ್ಸಿನವನಂತೆ ಹೇಳಿದ ಈ ಮಾತು ಶುಕ್ರವಾರದ ಹೊತ್ತಿಗೆ ನನಗೇ ಸಾಲದೆ ಬಂತು. ರಾಯದುರ್ಗ ಎಂದು ಹಾಕು ಅನ್ನುವುದಕ್ಕೆ ನನಗೇನಾಗಿತ್ತು? ಅವಳು ಒಲ್ಲೆನೆಂದರೆ ಎಂಬ ಭಯ ಆಗಿತ್ತು. ಭಾನುವಾರ ಹೇಗೂ ಹೋಗುತ್ತೇನಲ್ಲ, ಎದುರಿಗೆ ಕೂತು ಹೇಳಿದರಾಯಿತು ಎಂದುಕೊಂಡೆ. ಭಾನುವಾರ ಬೆಳಗ್ಗೆ ಗಾಡಿ ಚಾಲೂ ಮಾಡಿ ಓಣಿ ದಾಟುವಷ್ಟರಲ್ಲಿ ಗಟ್ಟಿ ಬಟ್ಟೆ ಹರಿದಂಥ ಸದ್ದಾಯಿತು. ಬ್ಯಾಟರಿಯ ಕೆಂಪು ದೀಪ ಹತ್ತಿತು, ಸ್ಟೇರಿಂಗು ಕಲ್ಲಾಯಿತು. ನಾಲ್ಕು ಜನರಿಂದ ತಳ್ಳಿಸಿಕೊಂಡು ಮನೆಯ ಮುಂದಕ್ಕೇ ಬಂದು ನಿಂತೆ.

ನಮ್ಮಲ್ಲಿ ಎಲ್ಲರೂ ಇದಕ್ಕೆ ಫ್ಯಾನ್ ಬೆಲ್ಟ್ ಅನ್ನುತ್ತಾರೆ. ಹಳೆಯ ಗಾಡಿಗಳಲ್ಲಿ ಒಂದೊಂದು ಚಕ್ರಕ್ಕೆ ಒಂದೊಂದು ಬೆಲ್ಟು ಇರುತ್ತಿತ್ತು. ಇದರಲ್ಲಿ ಒಂದೇ ಉದ್ದನೆಯ ಬೆಲ್ಟು ಇಂಜಿನ್ನಿನ ಮುಂದೆ ಹಾವಿನ ಹಾಗೆ ಹೊರಳಿ ಹೊರಳಿ ಎಲ್ಲ ಚಕ್ರಗಳನ್ನೂ ತಿರುಗಿಸುತ್ತದೆ. ಪುರಾಣದಲ್ಲಿ ಬೆಟ್ಟಕ್ಕೆ ಹಾವನ್ನು ಸುತ್ತಿ ಕಡಲು ಕಡೆದರಲ್ಲ, ಆ ಕಥೆ ಹೇಳುವವರು ಹಾವಿನ ಉದ್ದವನ್ನು ಮಾತ್ರ ಯಾಕೆ ಹೇಳುವುದಿಲ್ಲ? ಒಂದು ಗೇಣು ಹೆಚ್ಚಾಗಿದ್ದರೆ ಬೆಟ್ಟ ಅಲುಗುತ್ತಿರಲಿಲ್ಲ, ಅಮೃತವೂ ಬರುತ್ತಿರಲಿಲ್ಲ. ಇದು ನನಗೆ ಹೊಳೆದದ್ದು ತಡವಾಗಿ, ಕೈ ಕರ್ರಗಾದ ಮೇಲೆ.

ಬಾನೆಟ್ ಎತ್ತಿದ ಕೂಡಲೇ ಎದುರುಮನೆಯ ತಿಪ್ಪಣ್ಣನವರು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿಕೊಂಡರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಕೈ ಹಾಕುವುದಿಲ್ಲ, ಕೂತು ನೋಡುತ್ತಾರೆ.

‘ಯಾಕ್ರೀ, ಮೆಕ್ಯಾನಿಕ್‌ನ ಕರಸಂಗಿಲ್ಲೇನು?’

‘ಭಾನುವಾರ ನೋಡ್ರಿ. ಅಂವ ಫೋನು ಎತ್ತವಲ್ಲ.’

‘ನೀವು ಕೈ ಹಾಕೀರಿ ಅಂತ ಗೊತ್ತಾದ್ರ ನಾಳಿ ಅಂವನೇ ಮನೀತನಕ ಬರ್ತಾನ ಬಿಡ್ರಿ.’

ಹರಿದ ಬೆಲ್ಟನ್ನು ಕಟಿಂಗ್ ಮೇಜಿನ ಮೇಲೆ ಉದ್ದಕ್ಕೆ ಹಾಸಿ ಅಳೆದೆ. ಬೆನ್ನ ಮೇಲಿನ ನಂಬರು ಸವೆದುಹೋಗಿತ್ತು. ಬಿಡಿಭಾಗದ ಅಂಗಡಿಯವರು ‘ನಂಬರ್ ಹೇಳ್ರಿ’ ಎಂದರೆ ನಾನು ಇಂಚು ಹೇಳಿದೆ, ಅದೂ ಒಂದೂವರೆ ಸೇರಿಸಿ. ಯಾಕೆಂದರೆ ಹೊಲಿಗೆ ಮಿಷನ್ನಿನ ಬೆಲ್ಟು ತರುವುದೇ ಹಾಗೆ. ಉದ್ದನೆಯದು ತಂದು, ಚಕ್ರಕ್ಕೆ ಸುತ್ತಿ ನೋಡಿ, ಹೆಚ್ಚಾದದ್ದನ್ನು ಕತ್ತರಿಸಿ, ಎರಡು ತುದಿಗೂ ತೂತು ಮಾಡಿ ತಂತಿಯ ಕೊಕ್ಕೆ ಹಾಕಿ ಕೂಡಿಸುತ್ತೇವೆ. ಇನ್ನು ಬಟ್ಟೆಯ ಮಾತು ಬಿಡಿ. ಗಿರಾಕಿ ನಾಳೆ ದಪ್ಪಗಾದಾನು, ಹುಡುಗ ಉದ್ದ ಬೆಳೆದಾನು ಎಂದು ಎಲ್ಲ ಕಡೆ ಒಳಗೆ ಮಡಚಿ ಇಡುವುದೇ ನಮ್ಮ ವಿದ್ಯೆ. ಮಾತಿನಲ್ಲೂ ನಾನು ಹಾಗೆಯೇ ಮಡಚಿ ಇಡುತ್ತೇನೆ ಎಂದು ಸುಶೀಲ ಒಮ್ಮೆ ಹೇಳಿದ್ದಳು. ಅಥವಾ ಅವಳು ಹೇಳಿದಳೆಂದು ನಾನೇ ಹೊಲಿದುಕೊಂಡಿರಬಹುದು.

ಹೊಸ ಬೆಲ್ಟು ಬಂತು. ಕತ್ತರಿಸುವ ಹಾಗಿರಲಿಲ್ಲ. ಅದು ತುದಿಯೇ ಇಲ್ಲದ ಸುತ್ತು. ಸರಿ, ಬಿಗಿ ಮಾಡಲೆಂದೇ ಸ್ಪ್ರಿಂಗಿನ ಒಂದು ಚಕ್ರ ಇರುತ್ತದಲ್ಲ, ಅದು ನೋಡಿಕೊಳ್ಳುತ್ತದೆ ಎಂದುಕೊಂಡೆ. ಯಾವ ಚಕ್ರದ ಮೇಲಿಂದ ಹೋಗಿ ಯಾವುದರ ಕೆಳಗಿಂದ ಬರಬೇಕೆಂಬ ಚಿತ್ರ ಬಾನೆಟ್ಟಿನ ಒಳಗೆ ಅಂಟಿಸಿದ್ದದ್ದು ಎಂದೋ ಉದುರಿಹೋಗಿತ್ತು. ನೂರು ಸಲ ನೋಡಿದ್ದೇನೆ, ಕಣ್ಣು ಮುಚ್ಚಿದರೆ ಕಾಣುತ್ತದೆ. ಕಣ್ಣು ಮುಚ್ಚಿ ಕಂಡ ಹಾಗೆಯೇ ಸುತ್ತಿದೆ. ಬೆಲ್ಟಿನ ಗೀರುಗಳಿರುವ ಮೈ ನುಣುಪಾದ ಚಕ್ರದ ಮೇಲೆ ಬಂತು, ನುಣುಪಾದ ಬೆನ್ನು ಗೀರಿನ ಚಕ್ರದ ಮೇಲೆ. ಬಿಚ್ಚಿ, ಈ ಸಲ ಕಣ್ಣು ತೆರೆದು, ಗೀರಿಗೆ ಗೀರು ಕೂಡಿಸುತ್ತ ಹೋದೆ. ಉದ್ದನೆಯ ಪಾನಾದಿಂದ ಸ್ಪ್ರಿಂಗಿನ ಚಕ್ರವನ್ನು ಮೀಟಿ ಹಿಡಿದು ಕೊನೆಯ ಸುತ್ತು ಸೇರಿಸಿದೆ. ಬೆರಳ ಗೆಣ್ಣುಗಳ ಚರ್ಮ ಅಲ್ಲೇ ಉಳಿಯಿತು. ಗಾಡಿ ಚಾಲೂ ಮಾಡಿದರೆ ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುವಂಥ ಚೀರಾಟ. ಸ್ಪ್ರಿಂಗಿನ ಚಕ್ರ ತನ್ನ ಕೊನೆ ಮುಟ್ಟಿದ್ದರೂ ಬೆಲ್ಟು ಜಾರುತ್ತಿತ್ತು. ಕೆಂಪು ದೀಪ ಆರಲಿಲ್ಲ.

ತಿಪ್ಪಣ್ಣನವರು ಹರಿದದ್ದರ ಅಳತೆ ಕೇಳಿದರು, ಹೇಳಿದೆ. ತಂದದ್ದರ ಅಳತೆ ಕೇಳಿದರು, ಹೇಳಿದೆ.

‘ಮಾರ್ಜಿನ್ ಇಟ್ಟೀರೇನ್ರಿ?’

ನಾನು ಇಂಜಿನ್ನು ಬಂದ್ ಮಾಡಿ ಬೆಲ್ಟು ಬಿಚ್ಚತೊಡಗಿದೆ.

‘ಇರ್ಲಿ ಬಿಡ್ರಿ. ಮುಂದ ಇಂಜಿನ್ನು ದಪ್ಪ ಆದ್ರ ಹಿಡಸ್ತೈತಿ.’

ಮತ್ತೆ ಅಂಗಡಿಗೆ ಓಡಿದೆ. ಅಂಗಡಿಯವರು ಊಟಕ್ಕೆ ಹೋಗಿದ್ದರು. ಬಂದವರು ಈ ಸಲ ಇಂಚನ್ನು ಕೇಳಿಸಿಕೊಳ್ಳಲೇ ಇಲ್ಲ. ಯಾವ ಗಾಡಿ, ಯಾವ ವರ್ಷದ್ದು ಎಂದು ಕೇಳಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆದುಕೊಟ್ಟರು. ಇಷ್ಟೇ ಆಗಿತ್ತು. ಹಾಗೆ ನೋಡಿದರೆ ಬೆಳಗ್ಗೆಯೇ ಬಸ್ಸು ಹತ್ತಿ, ಕಲ್ಯಾಣದುರ್ಗದಲ್ಲಿ ಬದಲಾಯಿಸಿ, ನಾಲ್ಕರೊಳಗೆ ಮಡಕಶಿರ ಮುಟ್ಟಬಹುದಿತ್ತು. ಬೆಲ್ಟು ಬದಲಿಸುವುದು ನನಗೊಂದು ಒಳ್ಳೆಯ ನೆಪವೂ ಆಗಿತ್ತೇನೋ. ಕೈಯಲ್ಲಿ ಪಾನಾ ಇದ್ದಾಗ ಹೆಂಡತಿಯನ್ನು ಏನು ಕೇಳಬೇಕೆಂದು ಯೋಚಿಸಬೇಕಾಗಿಲ್ಲ.

ಸರಿಯಾದ ಬೆಲ್ಟು ಕೂತು ಇಂಜಿನ್ನು ಸದ್ದಡಗಿ ತಿರುಗತೊಡಗಿದಾಗ ಎರಡೂವರೆ. ಹಾರಿಕೊಂಡು ಹೋದರೂ ನಾಲ್ಕಕ್ಕೆ ಮುಟ್ಟುವ ಹಾಗಿರಲಿಲ್ಲ. ಅಲ್ಲೇ ಬಂಪರಿಗೆ ಒರಗಿ ಫೋನು ಮಾಡಿದೆ.

‘ಎಲ್ಲಿದ್ದೀರಾ?’ ಎಂದಳು ಸುಶೀಲ.

‘ಇನ್ನೂ ಮನೀ ಮುಂದ. ಬೆಲ್ಟ್ ಹರಿದಿತ್ತು. ಹಾಕಿದೆ.’

‘ನೀವಾ?’

‘ನಾನೇ.’

‘ಗಾಡಿ ಹತ್ರ ಯಾರೂ ನಿಂತಿಲ್ಲ ತಾನೆ?’ ಎಂದು ನಕ್ಕಳು. ‘ಆಯ್ತು, ನಿಧಾನ್ಕೆ ಬನ್ನಿ. ನಾನು ನೆಟ್ ಸೆಂಟರಿಗೆ ಹೋಗಿ ಬಂದಿರ್ತೀನಿ. ಬಂದ್ಮೇಲೆ ಮಾತಾಡನ.’

‘ಬಂದ ಮ್ಯಾಲ ಮಾತಾಡಾಕ ಏನ್ ಉಳಿತೈತಿ ಸುಶೀಲಾ? ಮೊದಲ್ನೇದು ರಾಯದುರ್ಗ ಹಾಕು. ನನಗ ನೀನು ಇಲ್ಲಿ ಬೇಕು.’

ಇಷ್ಟು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ತಿಪ್ಪಣ್ಣನವರು ಎದ್ದು ಕುರ್ಚಿಯನ್ನು ಆಚೆ ತಿರುಗಿಸಿಕೊಂಡು ಕೂತರು. ಫೋನಿನ ಆ ಕಡೆ ಯಾರದೋ ಮನೆಯ ಕುಕ್ಕರು ಮೂರು ಸಲ ಕೂಗಿತು.

‘ಎರಡು ವರ್ಷದಿಂದ ಈ ಮಾತ್ಗೇ ಕಾಯ್ತಿದ್ದೆ ಕಣ್ರೀ’ ಎಂದಳು. ನನ್ನ ಎದೆ ಹಗುರಾಗುವಷ್ಟರಲ್ಲಿ ಮುಂದುವರಿಸಿದಳು. ‘ಆದ್ರೆ ಈ ಸಲ ಬರಲ್ಲ. ಇಲ್ಲಿರೋದೇ ಇಬ್ರು ಟೀಚರು. ನಾನು ಹೋದ್ರೆ ಒಂದ್ನೇ ಕ್ಲಾಸಿನೋರ ಕೈ ಹಿಡ್ದು ಅಕ್ಷರ ತಿದ್ಸೋರು ಯಾರು? ಅಷ್ಟೇ ಅಲ್ಲ. ನಂಗೂ ಇಲ್ಲಿ ಇಷ್ಟ ಐತೆ.’

‘ಮತ್ತ ಕಾಯ್ತಿದ್ದೆ ಅಂದಿ?’

‘ಕಾಯ್ತಿದ್ದೆ. ನೀವು ಕೇಳ್ದೆ ಇದ್ದಿದ್ರೆ ರಾಯದುರ್ಗಾನೇ ಹಾಕ್ಬಿಡ್ತಿದ್ನೇನೋ. ನಿಮ್ಗೆ ನಾನು ಬೇಕೋ ಬೇಡ್ವೋ, ಬಂದಾದ್ರೂ ನೋಡನ ಅಂತ. ಈಗ ಗೊತ್ತಾಯ್ತಲ್ಲ. ಇನ್ನು ಎಲ್ಲಿದ್ರೂ ನೆಮ್ಮದಿ.’

ಅಂದರೆ, ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಅವಳು ಬರುತ್ತಿದ್ದಳು. ಇದನ್ನು ಅರಗಿಸಿಕೊಳ್ಳುತ್ತ ಸೋಪಿನ ಪುಡಿ ಹಾಕಿ ಕೈ ತಿಕ್ಕಿದೆ. ಗೆಣ್ಣುಗಳು ಚುರುಗುಟ್ಟಿದವು. ಆಶ್ಚರ್ಯವೆಂದರೆ, ಎರಡು ವರ್ಷದಲ್ಲಿ ಮೊದಲ ಸಲ ಅವಳ ‘ಐತೆ’ ನನ್ನನ್ನು ಚುಚ್ಚಿರಲಿಲ್ಲ. ಅಂಗಿ ಬದಲಿಸಿ ಬಂದು ಗಾಡಿ ಹತ್ತಿದೆ. ಈಗ ಹೊರಟರೆ ಅವಳ ಜೊತೆ ಎರಡು ತಾಸು ಸಿಗುತ್ತದೆ, ರಾತ್ರಿಯೇ ತಿರುಗಿ ಬಂದು ಬೆಳಗ್ಗೆ ಬಳ್ಳಾರಿಗೆ ಗಂಟು ಸಾಗಿಸಬೇಕು.

ತಿಪ್ಪಣ್ಣನವರು ಕುರ್ಚಿ ಎತ್ತಿಕೊಂಡು ಕಿಟಕಿಯ ಹತ್ತಿರ ಬಂದರು.

‘ಏನಂದ್ರು ಟೀಚರಮ್ಮ?’

‘ಬರಂಗಿಲ್ಲ ಅಂದ್ಲು.’

‘ಮತ್ತ ಹೊಂಟೀರಲ್ರಿ?’

‘ಬರಂಗಿಲ್ಲ ಅಂದಿದ್ದಕ್ಕ ಹೊಂಟೀನಿ. ಬರ್ತೀನಿ ಅಂದಿದ್ರ ಇಲ್ಲೇ ಕುಂತು ಕಾಯ್ತಿದ್ದೆ.’