ಡೇರಿ ಗೋಡೆಯ ಮೇಲಿನ ಕೆಂಪು ಗೆರೆ

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಅಭ್ಯಾಸದಂತೆ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡೆ. ಕರಕ್ ಎಂದಿತು. ಉಳಿದಿರುವ ಹಲ್ಲುಗಳಲ್ಲಿ ಇನ್ನೊಂದು ಹೋಯಿತೇನೋ ಎಂದು ಗಾಬರಿಯಿಂದ ನಾಲಿಗೆ ಹೊರಳಿಸಿ ನೋಡಿದೆ. ಹಲ್ಲೆಲ್ಲ ಸ್ವಸ್ಥಾನದಲ್ಲೇ ಇದ್ದವು. ಬಾಯಿಗೆ ಸಿಕ್ಕಿದ್ದು ಕಲ್ಲಿನ ಪುಡಿ. ಪಕ್ಕದ ತೋಟದಲ್ಲಿ ರುದ್ರೇಶ ಬೋರ್ ಕೊರೆಸುತ್ತಿದ್ದಾನೆ. ಲಾರಿ ಬಂದಾಗಿನಿಂದ ಬೂದುಬಣ್ಣದ ಧೂಳು ಬೇಲಿ ದಾಟಿ ಬಂದು, ಜಗಲಿಯಲ್ಲಿ ಒಡೆದು ಹರಡಿದ್ದ ನಮ್ಮ ಕೊಬ್ಬರಿಯ ಮೇಲೆಲ್ಲ ಕೂತಿದೆ. ಕೊರೆಯುವಾಗ ನೀರು ಸಿಕ್ಕರೆ ಧೂಳು ಏಳುವುದಿಲ್ಲ, ಕೆಸರು ಚಿಮ್ಮುತ್ತದೆ. ಧೂಳು ಏಳುತ್ತಲೇ ಇದೆ ಎಂದರೆ ಏನರ್ಥ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಬೇಲಿಯ ಹತ್ತಿರ ಹೋಗಿ ನಿಂತೆ. ರುದ್ರೇಶ ಮುಖಕ್ಕೆ ಟವೆಲ್ ಸುತ್ತಿಕೊಂಡು ಬಂದ.

"ಅಣ್ಣಾ, ಲಾರಿ ಹೆಂಗೂ ಬಂದೈತೆ. ನಿಮ್ದೂ ಒಂದ್ ಪಾಯಿಂಟ್ ಇದ್ರೆ ಹೊಡ್ಸ್‌ಬುಡಿ. ಆಮೇಲೆ ಕರುದ್ರೆ ಬರಲ್ಲ ಇವ್ರು."

ನಮ್ಮ ಕಡೆ ಬೋರ್ ಲಾರಿ ಒಂದು ತೋಟಕ್ಕೆ ಬಂದರೆ ಒಂದೇ ತೂತು ಕೊರೆದು ಹೋಗುವುದಿಲ್ಲ. ಹೇಗೂ ಬಂದಿದೆಯಲ್ಲ ಎಂದು ಪಕ್ಕದವನು, ಅವನ ಪಕ್ಕದವನು, ಎಲ್ಲರೂ ಒಂದೊಂದು ಹಾಕಿಸುತ್ತಾರೆ. ನನಗೂ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಮರಗಳ ಗರಿ ಜೋತುಬಿದ್ದಿವೆ, ಕಾಯಿ ಬಲಿಯುವ ಮೊದಲೇ ಹರಳು ಉದುರುತ್ತಿವೆ. ಉಳಿದಿದ್ದ ಒಂದು ಬೋರೂ ವಾರದಿಂದ ಬರೀ ಗಾಳಿ ಉಗುಳುತ್ತಿದೆ. "ಬೆಳಿಗ್ಗೆ ಹೇಳ್ತೀನಿ" ಎಂದು ಬಂದುಬಿಟ್ಟೆ. ಬರುವಾಗ ನನ್ನ ಹೆಂಡತಿ ಗಿರಿಜ ಮಂಕರಿ ಬುಟ್ಟಿ ಹಿಡಿದು ಅದೇ ಲಾರಿಯ ಕಡೆ ಹೊರಟಿದ್ದಳು. ಕಲ್ಲುಪುಡಿ ತರಲು.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮೂರು ಇರುವುದು ತಿಪಟೂರಿನಿಂದ ಹೊನ್ನವಳ್ಳಿಗೆ ಹೋಗುವ ದಾರಿಯ ಒಂದು ಪಕ್ಕಕ್ಕೆ. ಇಲ್ಲಿ ಯಾರ ತೋಟದಲ್ಲಿ ಬೋರ್ ಕೊರೆದರೂ ಆ ಮನೆಯ ಹೆಂಗಸರು ಹೊರಬಿದ್ದ ಪುಡಿಯನ್ನು ಜರಡಿ ಹಿಡಿದು ಡಬ್ಬಿಗೆ ತುಂಬಿಡುತ್ತಾರೆ. ವರ್ಷಗಟ್ಟಲೆ ಹೊಸಿಲಿಗೆ ಅದೇ ರಂಗೋಲಿ. ಬಿಳಿಯದು ಎಳೆಗೆ, ಕೆಂಪಗಿದ್ದದ್ದು ಹೂವಿನ ಹೊಟ್ಟೆ ತುಂಬಲು. ನೀರು ಬಿದ್ದ ಬೋರಿನದಾದರೂ ಸರಿ, ಬೀಳದ್ದಾದರೂ ಸರಿ, ಪುಡಿಗೆ ಭೇದವಿಲ್ಲ.

ನಮ್ಮ ಅತ್ತಿಗೆ ಸರ್ವಮಂಗಳ ಬಹಳ ವರ್ಷಗಳ ಹಿಂದೆ ಅಣ್ಣನನ್ನು ಮದುವೆಯಾಗಿ ಈ ಮನೆಗೆ ಬಂದದ್ದು ಭೂವಿಜ್ಞಾನದ ಸಂಶೋಧನೆಯನ್ನು ಅರ್ಧಕ್ಕೆ ಹಿಡಿದುಕೊಂಡು. ತುರುವೇಕೆರೆ ಕಡೆಯವರು. ಹೊಸ ಸೊಸೆ ಬೆಳಿಗ್ಗೆ ಎದ್ದವರೇ ಹೊಸಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ಅವ್ವ ಆಗತಾನೇ ಬಿಟ್ಟಿದ್ದ ರಂಗೋಲಿಯನ್ನು ಚಿಟಿಕೆಯಲ್ಲಿ ತೆಗೆದು ಉಜ್ಜಿ ಉಜ್ಜಿ ನೋಡುತ್ತಿದ್ದರು. ಅವ್ವ ಹೌಹಾರಿದಳು.

"ಇದೇನಮ್ಮಾ, ಬಿಟ್ಟಿರೋ ರಂಗೋಲಿ ಅಳುಸ್ತಾರಾ?"

"ಇದು ಎಲ್ಲೀದು ಅತ್ತೆಮ್ಮ? ಇದ್ರಲ್ಲಿ ತುಕ್ಕು ಐತಲ್ಲ. ಎಷ್ಟು ಆಳದ್ದು?"

"ನಮ್ ಬೋರಿಂದು. ಆಳ ನಂಗೇನ್ ಗೊತ್ತಮ್ಮಾ, ನಾನೇನ್ ಒಳಕ್ ಇಳ್ದಿದ್ನಾ?"

ಆಗ ನಾನು ಊರಿನ ಹಾಲಿನ ಡೇರಿಗೆ ಕಾರ್ಯದರ್ಶಿ. ಹಾಲಿನಲ್ಲಿ ನೀರು ಎಷ್ಟಿದೆ ಎಂದು ಹೇಳುವುದು ನನ್ನ ಕೆಲಸ. ನೆಲದಲ್ಲಿ ನೀರು ಎಷ್ಟಿದೆ ಎಂದು ಹೇಳುವುದು ಅತ್ತಿಗೆಯ ಕೆಲಸ. ಇಬ್ಬರು ಹೇಳಿದ್ದನ್ನೂ ಊರಿನವರು ಸಂತೋಷದಿಂದ ಕೇಳಿದ್ದಿಲ್ಲ. ಆದರೆ ನನ್ನ ಹತ್ತಿರ ಜಗಳವಾಡುತ್ತಿದ್ದವರೇ ಅತ್ತಿಗೆಗೆ ಮಣೆ ಹಾಕಿ ಕೂರಿಸುತ್ತಿದ್ದರು, ಅದಕ್ಕೆ ಕಾರಣ ಆ ಡಬ್ಬಿಗಳು. ಅತ್ತಿಗೆ ಮನೆಮನೆಗೆ ಹೋಗಿ "ನಿಮ್ ರಂಗೋಲಿ ಡಬ್ಬಿ ತೋರ್ಸ್ರೀ" ಎನ್ನುವರು. ಯಾವ ಮನೆಯ ಪುಡಿ ಯಾವ ಬಣ್ಣ, ಆ ಬೋರಿನಲ್ಲಿ ನೀರು ಬಿತ್ತೇ, ಎಲ್ಲಿ ಬಿತ್ತು ಎಂದು ಕೇಳುವರು. ಯಾವ ಹೊರಗಿನವರೂ ಅದುವರೆಗೆ ನಮ್ಮ ಹೆಂಗಸರನ್ನು ಅವರ ರಂಗೋಲಿ ಡಬ್ಬಿಯ ವಿಷಯ ಕೇಳಿರಲಿಲ್ಲ. ಕೊನೆಮನೆ ಜಯಮ್ಮನಂತೂ "ನಮ್ದು ವಸಿ ಮಂಕು ಕಣ್ರೀ, ಬೇಜಾರ್ ಮಾಡ್ಕಬ್ಯಾಡಿ" ಎಂದು ಮಗಳ ಬಣ್ಣದ ಬಗ್ಗೆ ಮಾತಾಡಿದ ಹಾಗೆ ಮಾತಾಡಿದ್ದಳು.

ನೆಲದಡಿ ಬಂಡೆ ಒಂದೇ ಹಾಸಾಗಿ ಇರುವುದಿಲ್ಲ, ಬಿರುಕು ಇರುತ್ತವೆ, ನಮ್ಮ ನೀರೆಲ್ಲ ಆ ಬಿರುಕಿನಲ್ಲೇ ಇರುವುದು ಎಂದು ಅತ್ತಿಗೆ ಹೇಳುತ್ತಿದ್ದರು. ಬಿರುಕಿನಲ್ಲಿ ಓಡಾಡಿದ ನೀರು ಕಲ್ಲಿಗೆ ತುಕ್ಕಿನ ಬಣ್ಣ ಹಚ್ಚುತ್ತದೆ. ತುಕ್ಕು ಬಣ್ಣದ ಪುಡಿ ಯಾವ ಯಾವ ಮನೆಯ ಡಬ್ಬಿಯಲ್ಲಿತ್ತೋ ಆ ಮನೆಗಳ ಬೋರುಗಳನ್ನೆಲ್ಲ ಗುರುತು ಮಾಡುತ್ತ ಹೋದರೆ ಒಂದು ಗೆರೆ ಸಿಕ್ಕಿತು. ಕೆರೆಯ ಹಿಂದಿನಿಂದ ಹೊರಟು, ತೋಟಗಳ ಅಡಿಯಲ್ಲಿ ಹಾಯ್ದು, ಶಾಲೆಯ ಪಕ್ಕದಲ್ಲಿದ್ದ ಕುಡಿಯುವ ನೀರಿನ ಬೋರಿನ ಹತ್ತಿರ ಮುಗಿಯುವ ಗೆರೆ.

ಅದನ್ನು ಕಾಗದದ ಮೇಲೆ ಬರೆದರೆ ಯಾರು ನೋಡುತ್ತಾರೆ? ಎರಡು ಹೊತ್ತೂ ಊರೆಲ್ಲ ಕ್ಯಾನ್ ಹಿಡಿದು ನಿಲ್ಲುವುದು ನಮ್ಮ ಡೇರಿಯ ಮುಂದೆ. ಅತ್ತಿಗೆ ಆ ಗೋಡೆಯನ್ನು ಕೇಳಿದರು, ಕೊಡಿಸಿದೆ. ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ಮನಸ್ಸು ಹಗುರಾಗುತ್ತದೆ. ಕಾಯಿಯ ಮಟ್ಟೆ ಸುಲಿದ ಹಾಗೆ ಊರಿನ ಮೇಲ್ಮಣ್ಣನ್ನೆಲ್ಲ ಸುಲಿದರೆ ಒಳಗಿನ ಬಂಡೆ ಹೇಗೆ ಕಾಣುತ್ತದೋ ಹಾಗೆ ಚಿತ್ರ. ಬಣ್ಣ ಕೊಂಡು ತರಲಿಲ್ಲ. ಜಾಲಿಯ ಅಂಟು ಕಲಸಿ, ಒಬ್ಬೊಬ್ಬ ಹೆಂಗಸೂ ತನ್ನ ಡಬ್ಬಿಯ ಪುಡಿಯನ್ನು ತನ್ನ ತೋಟದ ಜಾಗಕ್ಕೆ ತಾನೇ ಬಳಿದಳು. ಬಿಳಿ, ಬೂದು, ಚಿಕ್ಕನಾಯಕನಹಳ್ಳಿ ದಿಕ್ಕಿನ ಹೊಲಗಳ ಹಸುರುಗಪ್ಪು. ನಡುವೆ ಆ ತುಕ್ಕು ಬಣ್ಣದ ಗೆರೆಯನ್ನು ಮಾತ್ರ ಅತ್ತಿಗೆ ತಾವೇ ಎಳೆದರು. ಒಂದು ಗೇಣಿಗೆ ನೆಲದ ಮೇಲೆ ಇಷ್ಟು ಮಾರು ಎಂದು ಲೆಕ್ಕ ಹಾಕಿ, ಸ್ವಲ್ಪ ಆಚೀಚೆಯಾದರೂ ಒರೆಸಿ ಮತ್ತೆ ಬರೆಯುತ್ತಿದ್ದರು.

"ಸಾಕು ಬುಡಿ ಅತ್ಗೆ, ಯಾರ್ ಅಳ್ದು ನೋಡ್ತಾರೆ?" ಎಂದೆ.

"ಅಳತೆ ತಪ್ಪಿದ್ರೆ ಅದು ಸುಳ್ಳಾಗ್ತದೆ ಕಣಪ್ಪ" ಎಂದರು.

ಚಿತ್ರ ಮುಗಿದ ದಿನ ಊರವರನ್ನು ಕೂರಿಸಿ ಹೇಳಿದರು. "ನಮ್ಮೆಲ್ರ ಬೋರೂ ಬ್ಯಾರೆ ಬ್ಯಾರೆ ಅಂದ್ಕೊಂಡಿದೀವಿ. ನೀರು ಒಂದೇ. ಈ ಗೆರೆ ಮೇಲೆ ಯಾರೂ ಹೊಸದಾಗಿ ಕೊರೀಬ್ಯಾಡಿ. ಮೇಲ್ಗಡೆ ಎಲ್ಲಿ ಕೊರುದ್ರೂ ಕೊನೇಲಿ ಶಾಲೆ ಹತ್ರ ನಲ್ಲಿ ನಿಲ್ತದೆ." ಎಲ್ಲರೂ ತಲೆದೂಗಿದರು. ಪಂಚಾಯಿತಿಯಲ್ಲಿ ನಿರ್ಣಯ ಮಾಡೋಣ ಎಂದರು. ಅತ್ತಿಗೆಯ ಕೆಲಸ, ಅವರಂಥ ಇನ್ನೆಷ್ಟೋ ಜನರ ಕೆಲಸ ಸೇರಿ, ಈ ಭಾಗದಲ್ಲಿ ಇನ್ನು ಬೋರ್ ಕೊರೆಯಲು ಅಪ್ಪಣೆ ಬೇಕೆಂದು ಮೇಲಿನಿಂದ ಆದೇಶ ಬರುತ್ತದೆ ಎಂಬ ಸುದ್ದಿಯೂ ಆಗಲೇ ಬಂತು. ಅತ್ತಿಗೆಯ ಮುಖ ಅಷ್ಟು ಅರಳಿದ್ದನ್ನು ನಾನು ಆಮೇಲೆ ನೋಡಿಲ್ಲ.

ಮಾರನೆಯ ದಿನದಿಂದ ಡೇರಿಯ ಗೋಡೆಗೆ ಗಿರಾಕಿಗಳು ಹೆಚ್ಚಿದರು. ಹಾಲು ಹಾಕಿದವರು ಮನೆಗೆ ಹೋಗುತ್ತಿರಲಿಲ್ಲ, ಚಿತ್ರದ ಮುಂದೆ ನಿಲ್ಲುತ್ತಿದ್ದರು. ಹಸುವೇ ಇಲ್ಲದವರೂ ಬಂದರು. "ನೋಡಪ್ಪ, ಜನ ಎಷ್ಟು ಆಸ್ಥೆಯಿಂದ ನೋಡ್ತಾವ್ರೆ" ಎಂದು ಅತ್ತಿಗೆ ನನಗೆ ತೋರಿಸಿದರು. ನಾನೂ ಹೌದೆಂದೆ. ಆಮೇಲೆ ಒಂದು ಸಂಜೆ ನೋಡುತ್ತೇನೆ, ಒಬ್ಬ ಗೋಡೆಯ ಮೇಲೆ ಬಸವಣ್ಣನ ಗುಡಿಯ ಗುರುತಿನಿಂದ ಕೆಂಪು ಗೆರೆಯವರೆಗೆ ಗೇಣು ಹಾಕುತ್ತಿದ್ದಾನೆ. ಇನ್ನೊಬ್ಬ ಹುರಿ ಹಿಡಿದಿದ್ದಾನೆ. ಅವರು ನೋಡುತ್ತಿದ್ದದ್ದು ಕೊರೆಯಬಾರದ ಜಾಗವನ್ನಲ್ಲ. ನೀರು ಎಲ್ಲಿದೆ ಎಂದು ಹುಡುಕಲು ಅದುವರೆಗೆ ತೆಂಗಿನಕಾಯಿಯನ್ನು ಅಂಗೈ ಮೇಲಿಟ್ಟುಕೊಂಡು ತೋಟವೆಲ್ಲ ಅಲೆಯುತ್ತಿದ್ದರು, ಈಗ ಒಬ್ಬರು ಅಳತೆಗೆ ಸರಿಯಾಗಿ ಗೋಡೆಯ ಮೇಲೆ ಬರೆದು ಕೊಟ್ಟಿದ್ದರು. ಆದೇಶ ಬರುವ ಮೊದಲು ಕೊರೆಸಿಕೊಂಡವನೇ ಜಾಣ ಎಂದು ಊರು ತೀರ್ಮಾನಿಸಿತ್ತು.

ಲಾರಿಗಳು ಬಂದವು. ಅತ್ತಿಗೆ ಮನೆಮನೆಗೆ ಹೋಗಿ ಬೇಡಿಕೊಂಡರು. ಅವರು ಹಾಗೆ ಹೋಗಿದ್ದಾಗಲೇ, ಒಂದು ಮಧ್ಯಾಹ್ನ, ನಮ್ಮ ಅಣ್ಣನೂ ಡೇರಿಗೆ ಬಂದ. ನನ್ನ ಕಡೆ ನೋಡಲಿಲ್ಲ. ಗೋಡೆಗೆ ಗೇಣು ಹಾಕಿದ, ಹೋದ. ಸಂಜೆಗೆ ನಮ್ಮ ತೋಟದಲ್ಲೇ ಲಾರಿ ನಿಂತಿತ್ತು. ಅತ್ತಿಗೆ ಓಡಿ ಬಂದರು, ಹಿಂದೆ ನಾನು.

"ನಾವೊಬ್ರು ಸುಮ್ಕಿದ್ರೆ ನೀರು ಉಳೀತದಾ? ಎಲ್ಲಾರೂ ಎತ್ಕೊಂಡ್ ಮ್ಯಾಲೆ ನಾವ್ ಬಾಯ್ ಬಾಯ್ ಬುಡಾನಾ?" ಎಂದ ಅಣ್ಣ. ಅವನ ಮಾತಿನಲ್ಲಿ ತಪ್ಪು ಹುಡುಕಲು ನಾನು ಇವತ್ತಿಗೂ ಪ್ರಯತ್ನಿಸುತ್ತಿದ್ದೇನೆ, ಪೂರ್ತಿ ಸಿಕ್ಕಿಲ್ಲ.

ಅತ್ತಿಗೆ ಕೂಗಾಡಲಿಲ್ಲ. "ಎಲ್ಲೈತೆ ಅಂತ ನಂಗೆ ಗೊತ್ತಿತ್ತು. ಅದ್ಕೇ ಕೊರೀಬ್ಯಾಡಿ ಅಂದಿದ್ದು" ಎಂದರು, ಅಷ್ಟೆ. ಅಷ್ಟರಲ್ಲಿ ಧೂಳು ನಿಂತು ಕೆಂಪು ಕೆಸರು ಚಿಮ್ಮಿತು. ಆಳುಗಳು ಸಿಳ್ಳೆ ಹಾಕಿದರು. ಅಣ್ಣ ಕೆಸರನ್ನೇ ಬೊಗಸೆಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ. ಅದೇ ಹೊತ್ತಿಗೆ ಶಾಲೆಯ ಕಡೆಯಿಂದ ಜಯಮ್ಮ ಖಾಲಿ ಬಿಂದಿಗೆಯೊಂದಿಗೆ ಏದುಸಿರು ಬಿಡುತ್ತ ಬಂದಳು. ಕುಡಿಯುವ ನೀರಿನ ಬೋರಿನ ಬಾಯಿಂದ ಬುಸ್ ಎಂದು ಗಾಳಿ, ಗಾಳಿಯ ಜೊತೆ ಧೂಳು ಬರುತ್ತಿದೆಯಂತೆ. ಕೊರೆಯಲು ಲಾರಿಯವರು ಇಲ್ಲಿ ಊದಿದ ಗಾಳಿ ಅಲ್ಲಿ ಹೊರಬಿದ್ದಿತ್ತು. ಅತ್ತಿಗೆಯ ಗೆರೆ ಗೇಣಿನಷ್ಟೂ ತಪ್ಪಿರಲಿಲ್ಲ.

ಆ ಬೇಸಿಗೆ ಮುಗಿಯುವ ಮೊದಲೇ ಶಾಲೆಯ ಹತ್ತಿರದ ನಲ್ಲಿ ನಿಂತಿತು. ಇನ್ನೂ ಆಳಕ್ಕೆ ಹೊಸದು ಕೊರೆದರು. ಆ ನೀರನ್ನು ಅತ್ತಿಗೆ ಪರೀಕ್ಷೆ ಮಾಡಿಸಿ, ಇದರಲ್ಲಿ ಫ್ಲೋರೈಡ್ ಹೆಚ್ಚಿದೆ, ಮಕ್ಕಳಿಗೆ ಕೊಡಬೇಡಿ ಎಂದರು. ಬೇರೆ ನೀರು ತರುವ ಅನುಕೂಲ ಇದ್ದವರು ತಂದರು, ಇಲ್ಲದವರು ಅದನ್ನೇ ಕುಡಿಸಿದರು. ಜಯಮ್ಮನ ಮೊಮ್ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ, ಚೂಟಿ ಹುಡುಗಿ. ನಗುವಾಗ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಕಂದು ಗೆರೆ ಬಿದ್ದ ಹಲ್ಲುಗಳನ್ನು ಕಂಡರೆ ಅತ್ತಿಗೆ ಬೇರೆ ಕಡೆ ನೋಡುತ್ತಾರೆ. ಆದೇಶವೂ ಬಂದೇ ಬಂತು. ಕೊರೆಯುವವರೆಲ್ಲ ಕೊರೆದ ಮೇಲೆ ಬಂತು. ಕುಡಿಯುವ ನೀರಿನ ಬೋರಿಗೆ ಅದರಲ್ಲಿ ವಿನಾಯಿತಿ ಇತ್ತು. ಅಂದಿನಿಂದ ನಮ್ಮೂರಿನ ತೆಂಗಿನಮರಗಳೂ ಅರ್ಜಿಯಲ್ಲಿ ಕುಡಿಯುವ ನೀರನ್ನೇ ಕುಡಿಯುತ್ತಿವೆ. ಡೇರಿಯ ಗೋಡೆಗೆ ಯಾವುದೋ ಬೋರ್ ಮೋಟಾರಿನವರು ಬಿಟ್ಟಿಯಾಗಿ ಬಣ್ಣ ಬಳಿದುಕೊಟ್ಟು ತಮ್ಮ ಜಾಹೀರಾತು ಬರೆಸಿದ್ದಾರೆ. ನೀರು ಧುಮ್ಮಿಕ್ಕುವ ಚಿತ್ರ, ಚೆನ್ನಾಗಿಯೇ ಇದೆ.

ಅಣ್ಣ ಅತ್ತಿಗೆಯ ಹತ್ತಿರ ತಪ್ಪಾಯಿತು ಎಂದು ಹೇಳಿದ್ದನ್ನು ನಾನು ಕೇಳಲಿಲ್ಲ. ಆದರೆ ಸಾಯುವವರೆಗೂ ಮನೆಗೆ ಕುಡಿಯುವ ನೀರನ್ನು ಮೊಪೆಡ್ಡಿನಲ್ಲಿ ಅವನೇ ತರುತ್ತಿದ್ದ. ನಾನು ತರುತ್ತೇನೆ ಎಂದರೆ ಬಿಡುತ್ತಿರಲಿಲ್ಲ. ಅತ್ತಿಗೆ ಸಂಶೋಧನೆ ಮುಗಿಸಿದರು, ತಿಪಟೂರಿನಲ್ಲಿ ಪಾಠ ಹೇಳಿ ನಿವೃತ್ತರಾದರು. ಚಿತ್ರ ಮಾತ್ರ ಮತ್ತೆ ಬರೆಯಲಿಲ್ಲ. ಒಮ್ಮೆ ಕೇಳಿದ್ದಕ್ಕೆ, "ತೋರ್ಸಿದ್ದೇ ತಪ್ಪಾಯ್ತಾ ಅಂತ ಯೋಚ್ನೆ ಮಾಡ್ತಾನೇ ಇದೀನಿ ಕಣಪ್ಪ. ತೋರುಸ್ದೆ ಇದ್ರೂ ತಪ್ಪೇ ಆಗ್ತಿತ್ತಲ್ಲ" ಎಂದಿದ್ದರು.

ನಿನ್ನೆ ಸಂಜೆ ಗಿರಿಜ ತಂದ ಮಂಕರಿಗೆ ಅತ್ತಿಗೆ ಕೈ ಹಾಕಿ ಪುಡಿ ಉಜ್ಜಿ ನೋಡಿದರು. ಕೆಂಪಿಲ್ಲ, ಬಿಳುಪಿಲ್ಲ, ಎಲ್ಲ ಒಂದೇ ಬೂದು. "ಇದು ತಳದ ಕಲ್ಲು. ನೀರು ಓಡಾಡಿದ್ ಗುರ್ತೇ ಇಲ್ಲ" ಎಂದರು. ಲಾರಿಯ ವಿಷಯ ಎತ್ತಬೇಕೆಂದು ಪಕ್ಕದಲ್ಲಿ ಕೂತವನು ಕೂತೇ ಇದ್ದೆ. ನನ್ನ ಮುಖ ನೋಡಿಯೇ ಅವರಿಗೆ ತಿಳಿದಿರಬೇಕು. "ರಂಗೋಲಿ ಪುಡಿಗೇನ್ ಕಮ್ಮಿ ಇಲ್ಲ ನಮ್ಮನೇಲಿ" ಎಂದು ಒಳಗೆ ಹೋದರು.

ಇವತ್ತು ಬೆಳಿಗ್ಗೆ ನೀರಿನ ಟ್ಯಾಂಕರ್ ಬಂದಿರಲಿಲ್ಲ. ಇದ್ದ ನೀರು ಕುಡಿಯಲು, ಅಡಿಗೆಗೆ. ಗಿರಿಜ ಹೊಸಿಲ ಮುಂದೆ ನೀರು ಚಿಮುಕಿಸದೆ ಒಣನೆಲದ ಮೇಲೆಯೇ ಎಳೆ ಬಿಟ್ಟಳು. ನೆಲ ಹಸಿಯಿಲ್ಲದಿದ್ದರೆ ಪುಡಿ ಹಿಡಿಯುವುದಿಲ್ಲ. ಗಾಳಿ ಬಂತು, ಎಳೆ ಅಳಿಸಿತು. ಮತ್ತೆ ಬಿಟ್ಟಳು, ಮತ್ತೆ ಹೋಯಿತು. ಬುಟ್ಟಿ ತುಂಬ ಪುಡಿ ಇಟ್ಟುಕೊಂಡು ಅವಳು ಸುಮ್ಮನೆ ಕೂತಳು. ನಾನು ಆ ಕ್ಷಣದಲ್ಲಿ ಅತ್ತುಬಿಟ್ಟೆ. ಮರ ಒಣಗಿದಾಗ ಅತ್ತಿರಲಿಲ್ಲ.

ಆಗ ರುದ್ರೇಶ ಬಂದ, ನನ್ನ ಉತ್ತರ ಕೇಳಲು. ಗೇಟಿನಿಂದ ಜೋರಾಗಿ ಮಾತಾಡುತ್ತಲೇ ಬಂದವನು ಹೊಸಿಲು ನೋಡಿ ನಿಂತುಬಿಟ್ಟ. ಸೂತಕದ ಮನೆಗೆ ನಮ್ಮಲ್ಲಿ ರಂಗೋಲಿ ಬಿಡುವುದಿಲ್ಲ. ತಲೆಯ ಮೇಲಿನ ಟವೆಲ್ ತೆಗೆದ. ದನಿ ತಗ್ಗಿಸಿದ.

"ಯಾರ್ ಹೋದ್ರಣ್ಣಾ?"

ಯಾರೂ ಇಲ್ಲ ಬಾರೋ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಅತ್ತಿಗೆ ಹೇಳಿದರು.

"ನೀರು ಹೋಯ್ತು ಕಣಪ್ಪ. ಒಳಕ್ ಬಾ."

ಅವನು ಚಪ್ಪಲಿ ಬಿಟ್ಟು ಬಂದು ಗೋಡೆಗೊರಗಿ ಕೂತ. ಸಾವಿನ ಮನೆಯಲ್ಲಿ ಕೂರುವ ಹಾಗೆ ಕೂತ. ನಮಗೆ ಬೋರು ಬೇಡ, ಲಾರಿಯನ್ನು ಕಳಿಸಿಬಿಡು ಎಂದು ಅವನಿಗೆ ಹೇಳಿದೆ.