ಹಲ್ಲಿ ಗರ್ಜಿಸಿದ ದಿನ

ನನ್ನ ಚಿಕ್ಕಪ್ಪನಿಗೆ ಲೋಕದಲ್ಲಿ ಒಂದೇ ಒಂದು ವಿದ್ಯೆ ಚೆನ್ನಾಗಿ ಬರುತ್ತಿತ್ತು: ಹಲ್ಲಿಯ ಹಾಗೆ ಲೊಚಗುಟ್ಟುವುದು. ಕಾಲೇಜೊಂದರ ಆಫೀಸಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದ. ಆ ಕೆಲಸವನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ. ಆದರೆ ನಾಲಿಗೆಯನ್ನು ಅಂಗುಳಿಗೆ ಒತ್ತಿ ಅವನು ಮೂರು ಸಲ ಲೊಚ್ ಅಂದರೆ, ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಕೂತವರೆಲ್ಲ ಕೈಗೆ ಸಿಕ್ಕಿದ್ದರ ಮೇಲೆ ಬೆರಳು ಕುಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಿದ್ದರು. ಮಾತಿನ ನಡುವೆ ಹಲ್ಲಿ ನುಡಿದರೆ ಆ ಮಾತು ಸತ್ಯ ಎಂಬುದು ನಮ್ಮವರ ನಂಬಿಕೆ. ಚಿಕ್ಕವನಿದ್ದಾಗ ಇದನ್ನು ಅವನು ಧಾರಾಳವಾಗಿ ಬಳಸಿಕೊಂಡಿದ್ದ. "ಅಮ್ಮಾ, ಇವತ್ತು ಸ್ಕೂಲಿಗೆ ರಜಾ" ಎಂದು ಹೇಳಿ, ಮುಖ ಆ ಕಡೆ ತಿರುಗಿಸಿ ಲೊಚಗುಟ್ಟುವುದು. ಅಜ್ಜಿ ಒಲೆಯ ಮುಂದೆಯೇ ನೆಲ ಕುಟ್ಟಿ, ಕೃಷ್ಣ ಕೃಷ್ಣ ಎಂದು ರಜೆ ಮಂಜೂರು ಮಾಡುವುದು. ಈ ಗುಟ್ಟನ್ನು ಅಜ್ಜಿಯ ಕಿವಿಗೆ ಬೀಳದ ಹಾಗೆ ನಮಗೆ ಹೇಳಿ ನಗುತ್ತಿದ್ದ.

ಇಂಥವನನ್ನು ಸಿನಿಮಾದವರು ಹುಡುಕಿಕೊಂಡು ಬಂದರು. ಸಿನಿಮಾದವರು ಅಂದರೆ ಒಬ್ಬನೇ. ಹನುಮಂತನಗರದಲ್ಲಿ ಮದುವೆ ವಿಡಿಯೋ ಮಾಡಿಕೊಂಡಿದ್ದವನು ಇದ್ದಕ್ಕಿದ್ದ ಹಾಗೆ ನಿರ್ದೇಶಕನಾಗಿ, ಬಸ್ಸಿನಷ್ಟುದ್ದದ ಹಲ್ಲಿಯೊಂದು ಮನುಷ್ಯರನ್ನು ತಿನ್ನುವ ಚಿತ್ರ ತೆಗೆಯುತ್ತಿದ್ದ. ಹಲ್ಲಿಯ ದನಿ ಚಿಕ್ಕಪ್ಪನದು. ಆ ಮೊದಲ ಭಾಗವನ್ನು ನಾನು ನೋಡಿದ್ದೇನೆ. ನಾಯಕಿ "ನಾವೆಲ್ಲ ಇಲ್ಲೇ ಸಾಯ್ತೀವಿ" ಎಂದು ಅಳುತ್ತಾಳೆ, ಹಲ್ಲಿ ಲೊಚಗುಟ್ಟುತ್ತದೆ, ಟಾಕೀಸಿನ ತುಂಬ ಜನ ಕುರ್ಚಿಯ ಕೈ ಕುಟ್ಟಿ ಕೃಷ್ಣ ಕೃಷ್ಣ ಅನ್ನುತ್ತಾರೆ. ಕೊಲೆಗಾರ "ನಾನು ನಿರಪರಾಧಿ" ಅಂದಾಗಲೂ ಹಲ್ಲಿ ನುಡಿದುಬಿಟ್ಟಿತು. ಹಿಂದಿನ ಸಾಲಿನ ಹೆಂಗಸರು ಅವನನ್ನು ಕೊನೆಯವರೆಗೂ ಒಳ್ಳೆಯವನೆಂದೇ ನಂಬಿದ್ದರು. ಒಬ್ಬರೂ ಹೆದರಲಿಲ್ಲ. ಬೆರಳು ಕುಟ್ಟುವ ಗಮ್ಮತ್ತಿಗೇ ಜನ ಮತ್ತೆ ಮತ್ತೆ ಬಂದು ಚಿತ್ರ ಒಂದಿಷ್ಟು ದಿನ ಓಡಿತು.

ಅಜ್ಜಿ ಅದನ್ನು ನೋಡಲಿಲ್ಲ. ಆಗ ಅವಳಿಗೆ ಕಣ್ಣಿನ ಆಪರೇಷನ್ ಆಗಿತ್ತು, ಅದು ಸರಿಹೋಗಲಿಲ್ಲ. ಈಗ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣದು. ಕಿವಿ ಮಾತ್ರ ಪಕ್ಕದ ಮನೆಯ ಕುಕ್ಕರಿನ ವಿಶಲ್ ಎಣಿಸುವಷ್ಟು ಚುರುಕು. ಹಾಗಾಗಿ ಎರಡನೇ ಭಾಗ ಬರುತ್ತದೆ ಎಂದಾಗ ಚಿಕ್ಕಪ್ಪನಿಗೆ ಇದ್ದದ್ದು ಒಂದೇ ಆಸೆ: ಅಮ್ಮ ದೊಡ್ಡ ಟಾಕೀಸಿನಲ್ಲಿ ಕೂತು ತನ್ನ ದನಿ ಕೇಳಬೇಕು. ಮಗ ಏನೂ ಸಾಧಿಸಲಿಲ್ಲ ಎಂದು ಅವಳು ಒಂದು ದಿನವೂ ಅಂದವಳಲ್ಲ. ಅನ್ನದೇ ಇದ್ದದ್ದೇ ಅವನನ್ನು ಕೊರೆಯುತ್ತಿತ್ತೋ ಏನೋ. ಹೊರಗಿನ ಸದ್ದು ಬರದಿರಲೆಂದು ನಿರ್ದೇಶಕನ ಮನೆಯ ಕೋಣೆಗೆ ರಜಾಯಿ ತೂಗುಹಾಕಿ ಮೂರು ದಿನ ರೆಕಾರ್ಡಿಂಗ್ ಮಾಡಿದರು. ಮೂರು ದಿನವೂ ಚಿಕ್ಕಪ್ಪ ಜೀರಿಗೆ ಕಷಾಯ ಕುಡಿದು ಹೋಗಿ ಲೊಚಗುಟ್ಟಿ ಬಂದ.

ಬಿಡುಗಡೆಯ ದಿನ ಬೆಳಗಿನ ಆಟಕ್ಕೆ ಅಜ್ಜಿ ರೇಷ್ಮೆ ಸೀರೆ ಉಟ್ಟಳು. ಆಟೋದಲ್ಲಿ ಹೋದೆವು. ಅವಳ ಎಡಕ್ಕೆ ಚಿಕ್ಕಪ್ಪ, ಬಲಕ್ಕೆ ನಾನು. ನೆಂಟರು, ಅಕ್ಕಪಕ್ಕದ ಮನೆಯವರು ಸೇರಿ ಎರಡು ಸಾಲು ನಮ್ಮದೇ.

ಚಿತ್ರ ದರಿದ್ರವಾಗಿತ್ತು. ಹಲ್ಲಿಯನ್ನು ಸೋಫಾದ ಸ್ಪಂಜಿನಲ್ಲಿ ಮಾಡಿ ಮೇಲೆ ರೆಕ್ಸಿನ್ ಹೊಲಿದಿದ್ದರು. ಹೊಟ್ಟೆಯ ಮೇಲೆ ಜಿಪ್ ಕಾಣುತ್ತಿತ್ತು. ಗೋಡೆ ಹತ್ತಿಸಲು ಆಗದೆ, ನೆಲಕ್ಕೇ ಗೋಡೆಯ ಬಣ್ಣ ಬಳಿದು ಮೇಲಿನಿಂದ ಚಿತ್ರೀಕರಿಸಿದ್ದರು. ಯಾರೋ ಅರ್ಧ ಕುಡಿದು ಮರೆತ ಕಾಫಿ ಲೋಟ ಗೋಡೆಯಿಂದ ಅಡ್ಡಡ್ಡ ಹೊರಟು ನಿಂತಿತ್ತು, ಕಾಫಿ ಸಮೇತ. ಕಳಚಿಬಿದ್ದ ಬಾಲವೊಂದು ಕುಣಿಯಲು ಶುರುಮಾಡಿ, ಹಾಡೊಂದು ಮುಗಿಯುವಷ್ಟು ಹೊತ್ತು ಕುಣಿಯಿತು. ಇದೆಲ್ಲ ಇರಲಿ ಎಂದುಕೊಂಡೆ.

"ಈಗೇನಾಗ್ತಿದೆಯೇ?" ಎಂದಳು ಅಜ್ಜಿ.

"ಹಲ್ಲಿ ಬಾಯಿ ತೆಗೀತಿದೆ ಅಜ್ಜಿ. ಈಗ ಬರತ್ತೆ, ಕೇಳು."

ಚಿಕ್ಕಪ್ಪ ನೆಟ್ಟಗೆ ಕೂತ. ಅಜ್ಜಿ ಬೆರಳು ಮಡಿಸಿ ಕುರ್ಚಿಯ ಕೈಮೇಲೆ ಸಿದ್ಧವಾಗಿಟ್ಟಳು. ಹಲ್ಲಿ ಬಾಯಿ ತೆರೆದು ಹುಲಿಯ ಹಾಗೆ ಗರ್ಜಿಸಿತು.

ಅಜ್ಜಿಯ ಬೆರಳು ಹಾಗೇ ನಿಂತಿತು. "ಹಲ್ಲಿ ಇರೋ ಮನೇಗೆ ಹುಲಿ ಯಾಕೆ ಬಂತು?"

ಮುಂದಿನ ಸಲವೂ ಗರ್ಜನೆಯೇ. "ಆ ಹುಲಿ ಇನ್ನೂ ಹೋಗಿಲ್ವಾ? ನಮ್ಮವನದು ಯಾವಾಗ?" ಎಂದು ಅಜ್ಜಿ ನನ್ನನ್ನೇ ಕೇಳಿದಳು. ನಾನು ಚಿಕ್ಕಪ್ಪನ ಮುಖ ನೋಡಲಾರದೆ ಆ ಕಾಫಿ ಲೋಟವನ್ನೇ ನೋಡುತ್ತಾ ಕೂತೆ. ನನಗೆ ಅಳುವಷ್ಟು ಸಿಟ್ಟು ಬಂದಿತ್ತು.

ಇಂಟರ್ವಲ್‌ನಲ್ಲಿ ನಿರ್ದೇಶಕ ಬೋಂಡಾ ತಿನ್ನುತ್ತಾ ಸಿಕ್ಕ. ಜಗಳಕ್ಕೆಂದೇ ನಾನೂ ಚಿಕ್ಕಪ್ಪನ ಹಿಂದೆ ಹೋದೆ.

"ಬೇಜಾರ್ ಮಾಡ್ಕೋಬೇಡಿ ಸಾರ್," ಅಂದ ಆ ಪುಣ್ಯಾತ್ಮ. "ಜನ ಹೆದರ್ಬೇಕಲ್ವಾ? ನಿಮ್ ಸೌಂಡ್ ಕೇಳಿದ್ರೆ ಭಕ್ತಿ ಬರತ್ತೆ ಸಾರ್."

"ಹಲ್ಲಿ ಗರ್ಜಿಸತ್ತೇನ್ರೀ?" ಎಂದೆ.

"ದೊಡ್ಡ ಹಲ್ಲಿ ಅಲ್ವಾ ಮೇಡಂ."

ಚಿಕ್ಕಪ್ಪ ಜಗಳವಾಡಲಿಲ್ಲ. "ನಮ್ಮಮ್ಮ ಬಂದಿದಾರೆ ಕಣ್ರೀ," ಎಂದಷ್ಟೇ ಹೇಳಿ, ಅಜ್ಜಿಗೆ ಕುಡಿಯುವ ನೀರು ಹಿಡಿದುಕೊಂಡು ಒಳಗೆ ಹೋದ.

ಎರಡನೇ ಅರ್ಧದಲ್ಲಿ ಹಲ್ಲಿ ಇನ್ನೂ ಆರೇಳು ಸಲ ಗರ್ಜಿಸಿತು. ಅಜ್ಜಿ ಕೇಳುವುದನ್ನು ಬಿಟ್ಟಿದ್ದಳು. ಮಡಿಸಿದ ಬೆರಳು ಮಾತ್ರ ಅಲ್ಲೇ ಇತ್ತು, ಎತ್ತಿರಲಿಲ್ಲ. ಚಿಕ್ಕಪ್ಪ ಅದನ್ನೇ ನೋಡುತ್ತಿದ್ದ. ಕಡೆಯ ದೃಶ್ಯದಲ್ಲಿ ಹಲ್ಲಿಯನ್ನು ಸುಟ್ಟರು. ಸ್ಪಂಜು ಉರಿಯಿತು. ನಾಯಕ ಬೂದಿಯನ್ನು ನೋಡಿ, ಸದ್ದೆಲ್ಲ ನಿಂತ ಮೇಲೆ, ನಿಧಾನವಾಗಿ ಹೇಳಿದ: "ಇದು ಸತ್ತಿಲ್ಲ. ಮತ್ತೆ ಬರುತ್ತೆ."

ಲೊಚ್ ಲೊಚ್ ಲೊಚ್.

ಕತ್ತಲಲ್ಲಿ ನಮ್ಮ ಎರಡು ಸಾಲು, ಹಿಂದಿನ ಸಾಲುಗಳು, ಬಾಲ್ಕನಿ, ಎಲ್ಲ ಕಡೆ ಬೆರಳುಗಳು ಕುರ್ಚಿ ಕುಟ್ಟಿದವು. ಕೃಷ್ಣ ಕೃಷ್ಣ! ಎಲ್ಲರಿಗಿಂತ ಮೊದಲು ಕುಟ್ಟಿದ್ದು ಅಜ್ಜಿ. ಆಮೇಲೆ ಹಿಂದಿನಿಂದ ಯಾರೋ ನಿಜಕ್ಕೂ ಹೆದರಿದ ದನಿಯಲ್ಲಿ ಕೂಗಿದರು: "ಅಯ್ಯೋ, ಹಾಗಾದ್ರೆ ಮೂರನೇದೂ ತೆಗೀತಾರಾ!" ಆ ಚಿತ್ರದಲ್ಲಿ ಜನ ಹೆದರಿದ್ದು ಅದೊಂದೇ ಸಲ.

ದೀಪ ಹತ್ತಿತು. ಚಿಕ್ಕಪ್ಪ ಏನೂ ಅರಿಯದವನಂತೆ ಅಜ್ಜಿಯ ಚಪ್ಪಲಿ ಹುಡುಕುತ್ತಿದ್ದ. ಮೆಟ್ಟಿಲಿಳಿದು ಆಟೋ ಹತ್ತಿಸುವವರೆಗೆ ತಡೆದುಕೊಂಡು, ಕಡೆಗೆ ಕೇಳಿಯೇಬಿಟ್ಟ.

"ಅಮ್ಮಾ, ಸಿನಿಮಾದಲ್ಲಿ ನಂದು ಕೇಳಿಸ್ತಾ?"

"ಕೇಳಿಸದೆ ಏನಪ್ಪ," ಎಂದಳು ಅಜ್ಜಿ. ಸೆರಗು ಸರಿಮಾಡಿಕೊಂಡು, ಅವನ ಕೈಯನ್ನು ಹುಡುಕಿ ಹಿಡಿದುಕೊಂಡಳು. "ನನ್ನ ಎಡಗಿವಿ ಪಕ್ಕದಲ್ಲೇ ಬಂತು. ನೀನು ಸ್ಕೂಲಿಗೆ ರಜಾ ಅಂತಿದ್ದಾಗ್ಲೂ ಅಷ್ಟೇ ಹತ್ರದಿಂದ ಬರ್ತಿತ್ತು."

ಮನೆ ಸೇರುವವರೆಗೂ ಚಿಕ್ಕಪ್ಪ ಆ ಕೈ ಬಿಡಲಿಲ್ಲ.